ಬಾಯಿಬಿಟ್ಟ ಕ್ಲ್ಯಾಮ್: ರೀಫ್ ಟ್ಯಾಂಕಿನಲ್ಲಿ ನಿಜವಾದ ಕಳ್ಳನನ್ನು ಹಿಡಿಯುವ ಬಗೆ

ಮುಂಬಯಿಯಲ್ಲಿ ಸಮುದ್ರ ಅಕ್ವೇರಿಯಂಗಳ ನಿರ್ವಹಣೆ ಮಾಡುವ ನನಗೆ, ಹವಳಗಳ ಜೊತೆ ರೀಫ್ ಟ್ಯಾಂಕಿನಲ್ಲಿ ಸಾಕುವ ಎರಡು ಚಿಪ್ಪಿನ ದೈತ್ಯ ಕ್ಲ್ಯಾಮ್ ಕುರಿತ ಕರೆಗಳು ಹೆಚ್ಚಾಗಿ ರಾತ್ರಿ ಹತ್ತರ ಮೇಲೆಯೇ ಬರುತ್ತವೆ. ಲೋಕಲ್ ಹಿಡಿದು ಮನೆ ಸೇರಿ, ಊಟ ಮುಗಿಸಿ, ಟ್ಯಾಂಕಿನ ಮುಂದೆ ಕುಳಿತ ಮೇಲಷ್ಟೇ ಮಾಲೀಕರಿಗೆ ಅದರ ಅವಸ್ಥೆ ಕಣ್ಣಿಗೆ ಬೀಳುತ್ತದೆ. ಅವರು ಹೇಳುವುದೂ ಬಹುಮಟ್ಟಿಗೆ ಒಂದೇ ಮಾತು: ಕ್ಲ್ಯಾಮ್ ಬಾಯಿಬಿಟ್ಟಿದೆ, ಬುಡದಲ್ಲಿ ಮುಳ್ಳುಮುಳ್ಳಾದ ಹುಳು ಹರಿದಾಡುತ್ತಿದೆ, ಯಾವ ಔಷಧ ಹಾಕಲಿ? ಔಷಧದ ಬಾಟಲಿ ಮುಚ್ಚಿಟ್ಟು ಟಾರ್ಚ್ ಹುಡುಕಿರಿ ಎಂಬುದು ನನ್ನ ಮೊದಲ ಉತ್ತರ. ಕಣ್ಣಿಗೆ ಬಿದ್ದ ಪ್ರಾಣಿಯನ್ನೇ ಅಪರಾಧಿಯೆಂದು ತೀರ್ಮಾನಿಸಿ ಕೈಗೊಂಡ ಚಿಕಿತ್ಸೆಯಿಂದ ಸತ್ತ ಕ್ಲ್ಯಾಮ್‌ಗಳನ್ನು ನಾನು ಪರೋಪಜೀವಿಗಳಿಂದ ಸತ್ತವುಗಳಿಗಿಂತ ಹೆಚ್ಚು ನೋಡಿದ್ದೇನೆ. ಆದ್ದರಿಂದ ಈ ಕೈಪಿಡಿಯಲ್ಲಿ ಚಿಕಿತ್ಸೆಗಿಂತ ಪತ್ತೆಯ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮುಂದುವರಿಯುವ ಮೊದಲು ಕಾನೂನಿನ ಒಂದು ಮಾತು. ಟ್ರೈಡಾಕ್ನಾ ಮ್ಯಾಕ್ಸಿಮಾ, ಟ್ರೈಡಾಕ್ನಾ ಸ್ಕ್ವಾಮೋಸಾ ಮತ್ತು ಹಿಪೋಪಸ್ ಹಿಪೋಪಸ್ ಎಂಬ ಮೂರು ಜಾತಿಗಳು ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ದೈತ್ಯ ಕ್ಲ್ಯಾಮ್‌ಗಳೆಲ್ಲವೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದ್ದು, ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಇಲ್ಲಿ ನಾನು ಹೇಳುವುದೆಲ್ಲ ಹೊರದೇಶದ ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ, ಕಾಗದಪತ್ರದೊಂದಿಗೆ ಬಂದ ಡೆರಾಸಾ ಮತ್ತು ಕ್ರೋಸಿಯಾ ಎಂಬ ಬೇರೆ ಎರಡು ಟ್ರೈಡಾಕ್ನಾ ಜಾತಿಗಳನ್ನು ನೋಡಿಕೊಂಡ ಅನುಭವ. ಕಾಗದ ತೋರಿಸಲಾಗದ ಅಂಗಡಿಯವನ ಕ್ಲ್ಯಾಮ್ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಮುಟ್ಟಬೇಡಿ. ಅಂಥ ಮಾಲಿನೊಂದಿಗೆ ಬರುವ ಪೀಡೆಗಳ ಲೆಕ್ಕವೂ ಬೇರೆಯೇ ಇರುತ್ತದೆ.

ಆರೋಗ್ಯವಂತ ಕ್ಲ್ಯಾಮ್ ಹೇಗಿರುತ್ತದೆ

ಆರೋಗ್ಯವಂತ ಕ್ಲ್ಯಾಮನ್ನು ದಿನವೂ ನೋಡಿ ಕಣ್ಣು ಪಳಗದಿದ್ದರೆ ರೋಗಿಯನ್ನು ಗುರುತಿಸಲಾಗದು. ದೀಪ ಹೊತ್ತಿಕೊಂಡ ಒಂದೆರಡು ಗಂಟೆಯೊಳಗೆ ಬಣ್ಣದ ಮ್ಯಾಂಟಲ್, ಅಂದರೆ ಚಿಪ್ಪಿನೊಳಗಿನ ಮೆತ್ತನೆಯ ಮಾಂಸದ ಪದರ, ಚಿಪ್ಪಿನ ಅಂಚನ್ನು ದಾಟಿ ಹೊರಕ್ಕೆ ಹರಡಬೇಕು. ನೀರು ಒಳಗೆಳೆಯುವ ಸೈಫನ್ ಉದ್ದನೆಯ ಸೀಳಿನಂತೆ ಸಡಿಲವಾಗಿಯೂ, ನೀರು ಹೊರಬಿಡುವ ಸೈಫನ್ ಗಿಡ್ಡ ಕೊಳವೆಯಂತೆ ನೆಟ್ಟಗೂ ಇರಬೇಕು. ಮ್ಯಾಂಟಲಿನ ಅಂಚಿನುದ್ದಕ್ಕೂ ನೂರಾರು ಸಣ್ಣ ಕಣ್ಣುಗಳಿರುವುದರಿಂದ, ಗಾಜಿನ ಮೇಲುಗಡೆ ಕೈಯಾಡಿಸಿ ನೆರಳು ಬೀಳಿಸಿದರೆ ಕ್ಲ್ಯಾಮ್ ತಟ್ಟನೆ ಮುದುಡಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅರಳುತ್ತದೆ. ಈ ನೆರಳಿನ ಪರೀಕ್ಷೆಗೆ ಖರ್ಚಿಲ್ಲ. ಪ್ರತಿಕ್ರಿಯೆ ನಿಧಾನವಾಗುತ್ತಿದ್ದರೆ ಏನೋ ನಡೆಯುತ್ತಿದೆ ಎಂದು ತಿಳಿಯಬಹುದು, ಆದರೆ ಏನೆಂಬುದು ಅಷ್ಟರಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಗುರುತು ಚಿಪ್ಪಿನ ಬಾಯಂಚಿನಲ್ಲಿದೆ. ಬೆಳೆಯುತ್ತಿರುವ ಕ್ಲ್ಯಾಮಿಗೆ ಅಲ್ಲಿ ಸುಣ್ಣ ಬಳಿದಂಥ ಹೊಸ ಬಿಳಿ ಪಟ್ಟಿ ಇರುತ್ತದೆ. ಕ್ಯಾಲ್ಸಿಯಂ ಮತ್ತು ಕ್ಷಾರತೆ ಸರಿಯಿದ್ದೂ ಆ ಪಟ್ಟಿ ಕೆಲವು ವಾರಗಳಿಂದ ಬೆಳೆದಿಲ್ಲವಾದರೆ, ಬಣ್ಣ ಎಷ್ಟೇ ಚೆಂದವಿದ್ದರೂ ಅದರ ಆಹಾರ ಎಲ್ಲೋ ಸೋರಿಹೋಗುತ್ತಿದೆ. ಮ್ಯಾಂಟಲ್ ಒಳಸೇರಿ, ಚಿಪ್ಪು ಅಗಲವಾಗಿ ತೆರೆದು, ನೀರೆಳೆಯುವ ಸೈಫನ್ ಬಿಗಿದು ಹಿಗ್ಗಿದ ತೂತಾಗಿ ನಿಂತಿರುವುದನ್ನೇ ನಾವು ಬಾಯಿಬಿಡುವುದು ಎನ್ನುತ್ತೇವೆ. ಇದು ಕೊನೆಯ ಹಂತದ ಲಕ್ಷಣ, ಆಗ ಕಾಲ ಕಡಿಮೆ. ರಾತ್ರಿ ದೀಪ ಆರಿದ ಮೇಲೆ ಆರೋಗ್ಯವಂತ ಕ್ಲ್ಯಾಮ್ ಕೂಡ ಮ್ಯಾಂಟಲನ್ನು ತಕ್ಕಮಟ್ಟಿಗೆ ಒಳಗೆಳೆದುಕೊಳ್ಳುತ್ತದೆ ಎಂಬುದನ್ನು ಮರೆತು ಗಾಬರಿಯಾಗುವವರೂ ಇದ್ದಾರೆ.

ಮೊದಲು ನೀರನ್ನು ನೋಡಿ

ಪೀಡೆ ಹುಡುಕುವ ಮುನ್ನ ನೀರನ್ನು ಸಂಶಯದಿಂದ ಬಿಡುಗಡೆ ಮಾಡಬೇಕು. ಒಂದು ವರ್ಷ ಮೇ ತಿಂಗಳಲ್ಲಿ ಠಾಣೆಯ ಮನೆಯೊಂದಕ್ಕೆ ಹೋದಾಗ ಡೆರಾಸಾ ಅರ್ಧ ಬಾಯಿಬಿಟ್ಟು ಕುಳಿತಿತ್ತು. ಮೂಲ್ಕಿ ಕಡೆಯಿಂದ ಬಂದಿದ್ದ ಆ ಮನೆಯ ಅಜ್ಜಿ ಸೋಫಾದಿಂದಲೇ ನೋಡಿ, "ನಮ್ಮಲ್ಲಿ ಮರುವಾಯಿ ಬಾಯಿಬಿಟ್ಟರೆ ಬೆಂದಿದೆ ಅಂತ ಅರ್ಥ ಮಾರಾಯ" ಎಂದರು. ಕರಾವಳಿಯಲ್ಲಿ ಬೇಯಿಸಿ ತಿನ್ನುವ ಚಿಪ್ಪುಜೀವಿಗೆ ಮರುವಾಯಿ ಎನ್ನುತ್ತಾರೆ. ಮನೆಯವರೆಲ್ಲ ನಕ್ಕರು. ನಾನು ಥರ್ಮಾಮೀಟರ್ ನೋಡಿದೆ, 32 ಡಿಗ್ರಿ ತೋರಿಸುತ್ತಿತ್ತು. ನೀರು ತಂಪಾಗಿಸುವ ಚಿಲ್ಲರಿನ ಫ್ಯಾನ್ ಧೂಳು ಕಟ್ಟಿ ನಿಂತು ಎರಡು ದಿನವಾಗಿತ್ತು. ಅಜ್ಜಿಯ ರೋಗನಿರ್ಣಯಕ್ಕೆ ನಾನು ಸೇರಿಸಬೇಕಾದ್ದು ಏನೂ ಇರಲಿಲ್ಲ.

ಉಷ್ಣತೆ 24ರಿಂದ 26 ಡಿಗ್ರಿ, ಲವಣಾಂಶ ಸಾವಿರಕ್ಕೆ 35 ಭಾಗ, ಕ್ಷಾರತೆ 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಅಮೋನಿಯಾ ಸೊನ್ನೆ. ಇವಿಷ್ಟನ್ನೂ ಅಳೆದು, ಅಳತೆ ಮಾಡುವ ಉಪಕರಣವನ್ನೂ ಅಳೆಯಿರಿ. ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿದ, ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ 35ರ ಹತ್ತಿರ ಸುಳ್ಳು ಹೇಳಬಹುದಾದ್ದರಿಂದ 35ರ ಮಾಪನ ದ್ರಾವಣದಲ್ಲೇ ಅದನ್ನು ಸರಿಪಡಿಸುವುದು ಮೇಲು. ಮಳೆಗಾಲದಲ್ಲಿ ಡೊಂಬಿವಲಿ, ಕಲ್ಯಾಣಗಳ ಕಡೆ ಕರೆಂಟು ಗಂಟೆಗಟ್ಟಲೆ ಹೋದ ಮರುದಿನ ಕ್ಲ್ಯಾಮ್ ಮುದುಡಿದ್ದರೆ ನಾನು ಮೊದಲು ಕೇಳುವುದು ಹುಳುವನ್ನಲ್ಲ, ಪಂಪು ಎಷ್ಟು ಹೊತ್ತು ನಿಂತಿತ್ತು ಎಂದು. ದೀಪವನ್ನು ಇತ್ತೀಚೆಗೆ ಬದಲಿಸಿ ಒಮ್ಮೆಲೇ ಪೂರ್ತಿ ಪ್ರಖರತೆಗೆ ಏರಿಸಿದ್ದರೂ ಮ್ಯಾಂಟಲ್ ಕುಗ್ಗುತ್ತದೆ. ಮ್ಯಾಂಟಲಿನ ನಡುಭಾಗ ಬಿಳಿಚಿದ್ದರೆ ಅದರೊಳಗೆ ವಾಸಿಸುವ ಪಾಚಿ ಹೊರಬಿದ್ದಿದೆ ಎಂದು ತಿಳಿಯಬೇಕು. ಅದಕ್ಕೆ ಸಾಮಾನ್ಯವಾಗಿ ಶಾಖ ಅಥವಾ ಬೆಳಕಿನ ಏರುಪೇರು ಕಾರಣ, ಪರೋಪಜೀವಿಯಲ್ಲ.

ಹಗಲಿನ ಕಾಟ

ನೀರು ನಿರ್ದೋಷಿಯೆಂದು ಸಾಬೀತಾದ ಮೇಲೆ, ತೊಂದರೆ ಹಗಲಿನದೋ ರಾತ್ರಿಯದೋ ಎಂಬುದನ್ನು ಬೇರ್ಪಡಿಸಬೇಕು. ಹಗಲಿನ ಕಾಟ ಬಹುಪಾಲು ಮೀನುಗಳದ್ದು. ಏಂಜೆಲ್ ಮತ್ತು ಬಟರ್‌ಫ್ಲೈ ಮೀನುಗಳಿಗೆ ಮ್ಯಾಂಟಲ್ ಕಚ್ಚುವ ಚಾಳಿ ಇರುವುದು ಎಲ್ಲರಿಗೂ ಗೊತ್ತಿದೆ, ಕುಬ್ಜ ಏಂಜೆಲ್‌ಗಳೂ ಇದಕ್ಕೆ ಹೊರತಲ್ಲ. ವರ್ಷಗಟ್ಟಲೆ ಸಾಧುವಾಗಿದ್ದ ಮೀನು ಒಂದು ದಿನ ರುಚಿ ನೋಡಿ ಅಲ್ಲಿಂದ ಬಿಡದೇ ಹೋಗುವುದುಂಟು. ಮ್ಯಾಂಟಲಿನ ಅಂಚು ಹರಿದಿರುವುದು, ಒಂದೇ ಬದಿ ಮುದುಡಿರುವುದು, ಯಾರೂ ಎದುರಿಗಿಲ್ಲದಾಗಲೂ ಕ್ಲ್ಯಾಮ್ ಮತ್ತೆ ಮತ್ತೆ ಬೆಚ್ಚಿ ಮುಚ್ಚಿಕೊಳ್ಳುವುದು ಇದರ ಗುರುತುಗಳು. ಸ್ಕಂಕ್ ಕ್ಲೀನರ್ ಸೀಗಡಿ ಮ್ಯಾಂಟಲಿನ ಮೇಲೆ ನಡೆದಾಡಿದರೂ ಇದೇ ರೀತಿ ಕಾಣಬಹುದು. ಪಕ್ಕದಲ್ಲಿ ಬೆಳೆದ ಏಪ್ಟೇಸಿಯಾ ಎಂಬ ಸೀ ಅನಿಮೋನ್ ಕುಟುಕುತ್ತಿದ್ದರೆ ಅದರ ಕಡೆಯ ಅಂಚು ಮಾತ್ರ ಒಳಸರಿದಿರುತ್ತದೆ.

ಇದನ್ನು ಪರೀಕ್ಷಿಸಲು ತರಕಾರಿ ತೊಳೆಯುವ ಪ್ಲಾಸ್ಟಿಕ್ ಜಾಲರಿ ಬುಟ್ಟಿ ಸಾಕು. ಹೊಸದನ್ನು ತಂದು, ಆರ್‌ಒ ನೀರಿನಲ್ಲಿ ತೊಳೆದು, ಕ್ಲ್ಯಾಮಿನ ಮೇಲೆ ಬೋರಲು ಹಾಕಿ ಮೂರು ದಿನ ಬಿಡಿ. ಬುಟ್ಟಿಯ ನೆರಳಿನಲ್ಲೂ ಮ್ಯಾಂಟಲ್ ಎಂದಿಗಿಂತ ಹೆಚ್ಚು ಅರಳಿದರೆ ಕಳ್ಳ ಬುಟ್ಟಿಯ ಹೊರಗಿದ್ದಾನೆ. ಮೂರು ದಿನವಾದರೂ ಬದಲಾವಣೆಯಿಲ್ಲದಿದ್ದರೆ ಅವನು ಒಳಗೇ ಇದ್ದಾನೆ, ಅಂದರೆ ಚಿಪ್ಪಿನ ಮೇಲೆ, ಅಡಿಯಲ್ಲಿ ಅಥವಾ ಒಳಗೆ.

ರಾತ್ರಿಯ ತಪಾಸಣೆ: ಅಕ್ಕಿಕಾಳಿನಂಥ ಬಸವನಹುಳು

ಸಾಕಣೆಯ ಕ್ಲ್ಯಾಮ್‌ಗಳ ಜೊತೆ ಮನೆಗೆ ಬರುವ ಪೀಡೆಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು ಪಿರಾಮಿಡೆಲ್ಲಿಡ್ ಕುಟುಂಬದ ಬಸವನಹುಳು. ಟರ್ಬೊನಿಲ್ಲಾ, ಟಾಥ್ರೆಲ್ಲಾ ಮುಂತಾದವು ಈ ಕುಟುಂಬಕ್ಕೆ ಸೇರಿದವು. ಕೆಲವೇ ಮಿಲಿಮೀಟರ್ ಉದ್ದ, ನಯವಾದ ಬಿಳಿ ಬಣ್ಣ, ಒಂದು ತುದಿ ಚೂಪು. ಜೀರಿಗೆಸಣ್ಣ ಅಕ್ಕಿಯ ಕಾಳನ್ನು ನೆನೆಸಿಕೊಂಡರೆ ಆಯಿತು. ಉಳಿದ ಬಸವನಹುಳುಗಳಿಗೆ ಆಹಾರ ಕೆರೆಯಲು ಇರುವ ಅರದಂಥ ನಾಲಿಗೆ ಇವಕ್ಕಿಲ್ಲ. ಅದರ ಬದಲು ಉದ್ದನೆಯ ಸೊಂಡಿಲಿದ್ದು, ಅದನ್ನು ಮ್ಯಾಂಟಲಿನ ಅಂಚಿಗೋ, ಕಲ್ಲನ್ನು ಹಿಡಿಯುವ ನಾರುಗಳು ಹೊರಡುವ ಬುಡದ ರಂಧ್ರದ ಮೂಲಕ ಒಳಗಿನ ಮೆತ್ತನೆಯ ಭಾಗಕ್ಕೋ ಚುಚ್ಚಿ ದೇಹದ್ರವವನ್ನು ಹೀರುತ್ತವೆ. ಒಂದೆರಡು ಹುಳುಗಳಿಂದ ದೊಡ್ಡ ಕ್ಲ್ಯಾಮಿಗೆ ಹೆಚ್ಚೇನೂ ಆಗದು. ಆದರೆ ಪ್ರತಿಯೊಂದು ಹುಳುವೂ ಗಂಡೂ ಹೌದು ಹೆಣ್ಣೂ ಹೌದು, ಹೀಗಾಗಿ ಟ್ಯಾಂಕಿನಲ್ಲಿ ಸಂಖ್ಯೆ ಬೇಗ ಬೆಳೆಯುತ್ತದೆ, ಮತ್ತು ಅಂಗೈಗಿಂತ ಚಿಕ್ಕದಾದ ಕ್ಲ್ಯಾಮ್ ಆ ಸೋರಿಕೆಯನ್ನು ತಡೆದುಕೊಳ್ಳಲಾರದು.

ಮುಲುಂದಿನ ಹೋಟೆಲ್ ಮಾಲೀಕರೊಬ್ಬರ ಮನೆಯಲ್ಲಿ ಎರಡು ಕ್ರೋಸಿಯಾ ಮತ್ತು ಒಂದು ಡೆರಾಸಾ ಇದ್ದವು. ಕ್ರೋಸಿಯಾಗಳಲ್ಲಿ ಒಂದರ ಬಿಳಿ ಅಂಚು ಬೆಳೆಯುವುದು ನಿಂತು ಮೂರು ವಾರವಾಗಿತ್ತು; ಮ್ಯಾಂಟಲ್ ದಿನದಿಂದ ದಿನಕ್ಕೆ ಕಡಿಮೆ ಅರಳುತ್ತಿತ್ತು. ನೀರಿನಲ್ಲಿ ದೋಷವಿರಲಿಲ್ಲ, ಬುಟ್ಟಿಯ ಪರೀಕ್ಷೆಯಿಂದಲೂ ಏನೂ ಸಿಗಲಿಲ್ಲ. ಹೋಟೆಲು ಮುಚ್ಚಿ ಅವರು ಮನೆಗೆ ಬರುವುದೇ ಮಧ್ಯರಾತ್ರಿಯಾದ್ದರಿಂದ ತಪಾಸಣೆಯ ಸಮಯದ ಬಗ್ಗೆ ಚರ್ಚೆ ಬೇಕಾಗಲಿಲ್ಲ. ಟ್ಯಾಂಕಿನ ದೀಪ ಆರಿ ಮೂರು ಗಂಟೆ ಕಳೆದ ಮೇಲೆ, ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ ಬೆಳಕು ಬಿಟ್ಟೆವು. ಚಿಪ್ಪಿನ ಅಂಚಿನ ಮೇಲೆ, ಮ್ಯಾಂಟಲಿಗೆ ಸರಿಯಾಗಿ ಮುಖ ಮಾಡಿ, ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಹನ್ನೊಂದು ಬಿಳಿ ಕಾಳುಗಳಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಪ್ರತಿ ಕಾಳಿನಿಂದಲೂ ಕೂದಲಿಗಿಂತ ಸ್ವಲ್ಪ ದಪ್ಪನೆಯ ಗಾಜಿನಂಥ ಎಳೆಯೊಂದು ಹೊರಟು ಮ್ಯಾಂಟಲಿನಲ್ಲಿ ಮುಗಿಯುತ್ತಿತ್ತು. ಕೆಂಪು ಕಾಗದ ತೆಗೆದು ಬಿಳಿ ಬೆಳಕು ಬಿಟ್ಟಾಗ ಎಳೆಗಳು ಒಳಸೇರಿ, ಕಾಳುಗಳು ಒಂದೊಂದಾಗಿ ಚಿಪ್ಪಿನ ಕೆಳಗೆ ಸರಿದುಹೋದವು. ಹಗಲಿನಲ್ಲಿ ಅವು ಕಾಣದಿದ್ದುದು ಇದೇ ಕಾರಣಕ್ಕೆ.

ಬಿಳಿಯಾದದ್ದೆಲ್ಲ ಪಿರಾಮಿಡೆಲ್ಲಿಡ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗುಂಡಗೆ, ಮುಂಡಾಸಿನ ಆಕಾರದಲ್ಲಿರುವ ಕೊಲೊನಿಸ್ಟಾ ಹುಳುಗಳು ಪಾಚಿ ತಿನ್ನುವ ಬಡಪಾಯಿಗಳು. ಉದ್ದವಾಗಿದ್ದರೂ ಮೈ ಒರಟಾಗಿ, ಬಣ್ಣ ಕಂದಾಗಿರುವುದು ಸೆರಿತ್ ಎಂಬ ಬಸವನಹುಳುವಿನ ಮರಿ. ಗಾಜಿನ ಮೇಲೆ ಅಡ್ಡಾಡುವ ಹುಳುವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಕ್ಲ್ಯಾಮಿನ ಅಂಚಿನಲ್ಲಿ ರಾತ್ರಿ ಸಾಲುಗಟ್ಟುವ ಹುಳುವಿನ ಬಗ್ಗೆ ಕೆಡಿಸಿಕೊಳ್ಳಬೇಕು. ಟ್ರೋಕಸ್ ಬಸವನಹುಳುಗಳ ಚಿಪ್ಪಿಗೆ ಅಂಟಿಕೊಂಡು ಅವುಗಳನ್ನೇ ಹೀರುವ ಬೇರೆ ಪಿರಾಮಿಡೆಲ್ಲಿಡ್‌ಗಳೂ ಇರುವುದರಿಂದ ಆತಿಥೇಯ ಯಾವುದೆಂದು ನೋಡಿಯೇ ನಿರ್ಧರಿಸಿರಿ.

ಇದಕ್ಕೆ ಔಷಧವಿಲ್ಲ, ಕೈಕೆಲಸವೊಂದೇ ದಾರಿ. ಬಸವನಹುಳುವನ್ನು ಕೊಲ್ಲುವ ತಾಮ್ರ ಕ್ಲ್ಯಾಮನ್ನೂ ಕೊಲ್ಲುತ್ತದೆ, ಎರಡೂ ಮೃದ್ವಂಗಿಗಳೇ. ಸಿಹಿನೀರಿನಲ್ಲಿ ಅದ್ದಿದರೂ ಹುಳು ತನ್ನ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡು ಕುಳಿತುಬಿಡುತ್ತದೆ. ನಾವು ಮಾಡಿದ್ದು ಇಷ್ಟು: ಕ್ಲ್ಯಾಮನ್ನು ಅದು ಹಿಡಿದುಕೊಂಡಿದ್ದ ಕಲ್ಲಿನ ಚೂರಿನ ಸಮೇತ ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಬಿಳಿ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು, ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಚಿಪ್ಪಿನ ಪ್ರತಿಯೊಂದು ಮಡಿಕೆಯನ್ನೂ ಉಜ್ಜಿದೆವು. ಬಿದ್ದ ಹುಳುಗಳು ಬಿಳಿ ತಳದಲ್ಲಿ ಕಾಣದೇ ಹೋದದ್ದು ನನ್ನ ಮೊದಲ ಪಾಠ. ಅಂದಿನಿಂದ ಕಪ್ಪು ಟಬ್ಬನ್ನೇ ಬಳಸುತ್ತೇನೆ. ಕೀಲಿನ ಹತ್ತಿರ ಮತ್ತು ಬುಡದ ರಂಧ್ರದ ಸುತ್ತ, ಸಬ್ಬಕ್ಕಿ ಗಂಜಿ ಒಣಗಿ ಅಂಟಿದಂಥ ಪಾರದರ್ಶಕ ಲೋಳೆಯ ತೇಪೆಗಳಿದ್ದವು. ಅವು ಮೊಟ್ಟೆಗಳು. ಬ್ರಷ್‌ಗೆ ಅವು ಜಗ್ಗುವುದಿಲ್ಲ, ಬಿದಿರಿನ ಹಲ್ಲುಕಡ್ಡಿಯ ಚಪ್ಪಟೆ ತುದಿಯಿಂದ ಕೆರೆಯಬೇಕು. ಎಲ್ಲ ಮುಗಿದ ಮೇಲೆ ಬೇರೆ ನೀರಿನಲ್ಲಿ ಒಮ್ಮೆ ಜಾಲಿಸಿ ಟ್ಯಾಂಕಿಗೆ ಮರಳಿಸಿದೆವು. ಟಬ್ಬಿನ ನೀರನ್ನು ಟ್ಯಾಂಕಿಗೆ ಸುರಿಯಬಾರದೆಂದು ಹೇಳುವುದು ಅತಿ ಎನಿಸಬಹುದು, ಆದರೆ ಉಪ್ಪಿನ ಬೆಲೆ ನೆನೆದು ಹಾಗೆ ಸುರಿದವರನ್ನು ಬಲ್ಲೆ.

ಒಂದು ದಿನ ಬಿಟ್ಟು ಒಂದು ದಿನದಂತೆ ಎರಡು ವಾರ ಉಜ್ಜಿದ ಮೇಲೆ ಹುಳು ಸಿಗುವುದು ನಿಂತಿತು. ನಾಲ್ಕನೆಯ ವಾರ ಮತ್ತೆ ಕಾಣಿಸಿಕೊಂಡಿತು. ಕ್ರೋಸಿಯಾವನ್ನು ಎರಡೆರಡು ಬಾರಿ ಪರೀಕ್ಷಿಸಿದರೂ ಮೊಟ್ಟೆಗಳಿರಲಿಲ್ಲ. ತಪ್ಪು ನನ್ನದಾಗಿತ್ತು: ಡೆರಾಸಾದ ಚಿಪ್ಪು ನಯವಾಗಿದೆ, ಅದು ಚೆನ್ನಾಗಿ ಅರಳುತ್ತಲೂ ಇದೆ ಎಂಬ ಧೈರ್ಯದಿಂದ ಅದನ್ನು ಎತ್ತಿ ನೋಡಿರಲೇ ಇಲ್ಲ. ಮರಳಿಗೆ ತಾಗಿದ್ದ ಅದರ ಅಡಿಭಾಗದಲ್ಲಿ ಲೋಳೆಯ ತೇಪೆಗಳು ಒಂದರ ಪಕ್ಕ ಒಂದರಂತೆ ಇದ್ದವು. ಗಾತ್ರದಿಂದಾಗಿ ಡೆರಾಸಾಗೆ ಕಾಟದ ಅರಿವೇ ಆಗಿರಲಿಲ್ಲ. ತವರುಮನೆ ಅಲ್ಲಿತ್ತು, ಹುಳುಗಳು ಕ್ರೋಸಿಯಾ ಕಡೆ ಊಟಕ್ಕೆ ಹೋಗುತ್ತಿದ್ದವು. ಒಂದು ಕ್ಲ್ಯಾಮಿನಲ್ಲಿ ಹುಳು ಸಿಕ್ಕರೆ ಟ್ಯಾಂಕಿನ ಎಲ್ಲ ಕ್ಲ್ಯಾಮ್‌ಗಳನ್ನೂ ಅದೇ ದಿನ ಉಜ್ಜಬೇಕು, ಮತ್ತು ಕೊನೆಯ ಹುಳು ಸಿಕ್ಕಿದ ದಿನದಿಂದ ಕನಿಷ್ಠ ಆರು ವಾರ ವಾರಕ್ಕೊಮ್ಮೆ ತಪಾಸಣೆ ನಡೆಸಬೇಕೆಂಬ ನನ್ನ ನಿಯಮ ಹುಟ್ಟಿದ್ದು ಆ ಮನೆಯಲ್ಲಿ.

ಆರು ಗೆರೆಯ ರಾಸ್ ಮೀನನ್ನೋ ಹಳದಿ ಹ್ಯಾಲಿಕೊರಸ್ ಮೀನನ್ನೋ ಬಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಹಾಯವಾಗುತ್ತದೆ, ಸಾಲುವುದಿಲ್ಲ. ಹುಳುಗಳು ಊಟಕ್ಕೇಳುವ ಹೊತ್ತಿಗೆ ರಾಸ್ ಮಲಗಿರುತ್ತದೆ, ಹ್ಯಾಲಿಕೊರಸ್ ಅಂತೂ ಮರಳಿನೊಳಗೇ ಹೂತುಕೊಂಡಿರುತ್ತದೆ. ಬೆಳಿಗ್ಗೆ ತಡವಾಗಿ ಮನೆಗೆ ಮರಳುವ ಹುಳುಗಳಷ್ಟೇ ಅವುಗಳ ಪಾಲು. ಆರು ಗೆರೆಯ ರಾಸ್ ಹೊಸ ಮೀನುಗಳ ಮೇಲೆ ದಬ್ಬಾಳಿಕೆ ನಡೆಸುತ್ತದೆಂಬುದನ್ನೂ, ಎರಡೂ ನೀರಿನಿಂದ ಹೊರಗೆ ಜಿಗಿಯುವ ಜಾತಿಗಳೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆರಿಸಿರಿ.

ಬುಡದ ರಂಧ್ರದೊಳಗಿನ ಕೊಲೆಗಾರ

ಪಿರಾಮಿಡೆಲ್ಲಿಡ್ ತಿಂಗಳುಗಟ್ಟಲೆ ಹೀರಿದರೆ, ಸಿಮೇಷಿಯಂ ಬಸವನಹುಳು ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಸಾಲೊಮನ್ ದ್ವೀಪಗಳ ಕಡಲ ಸಾಕಣೆಗಳಲ್ಲಿ ಕ್ಲ್ಯಾಮ್ ಮರಿಗಳ ದೊಡ್ಡ ವೈರಿಯೆಂದು ದಾಖಲಾಗಿರುವುದು ಸಿಮೇಷಿಯಂ ಮುರಿಸಿನಂ ಎಂಬ ಜಾತಿ. ಲಾರ್ವಾ ರೂಪದಲ್ಲಿ ತೇಲಿಬಂದು ನೆಲೆಯೂರಿ, ಮರಿ ಬಸವನಹುಳುವಾಗಿ ಕ್ಲ್ಯಾಮಿನೊಳಗೆ ಸೇರಿಕೊಂಡು ಒಳಗಿನಿಂದಲೇ ತಿನ್ನುತ್ತದೆ. ಮನೆಯ ಟ್ಯಾಂಕಿನಲ್ಲಿ ಹೊಸ ಸಂತತಿ ಬೆಳೆಯುವ ಭಯವಿಲ್ಲ. ಆದರೆ ಬಂದ ಒಂದೇ ಹುಳು ಒಂದು ಕ್ಲ್ಯಾಮ್ ಮುಗಿಸಿ ಇನ್ನೊಂದಕ್ಕೆ ಹೋಗಬಲ್ಲದು. ನಿನ್ನೆಯವರೆಗೆ ಚೆನ್ನಾಗಿದ್ದ ಹೊಸ ಕ್ಲ್ಯಾಮ್ ಕಾರಣವಿಲ್ಲದೆ ಒಮ್ಮೆಲೇ ಬಾಯಿಬಿಟ್ಟರೆ ಮೊದಲು ಅದನ್ನೆತ್ತಿ ಬುಡ ನೋಡಿರಿ. ದಪ್ಪ ತುಟಿಯ, ಕಂದುಬಣ್ಣದ, ಗಂಟುಗಂಟಾದ ಶಂಖ ಅಂಟಿಕೊಂಡಿದ್ದರೆ ಚಿಮಟದಿಂದ ಕಿತ್ತು ಹೊರಗೆಸೆಯಿರಿ. ಮ್ಯೂರೆಕ್ಸ್ ಎಂಬ ಬೇರೆ ಬಸವನಹುಳುಗಳು ಚಿಪ್ಪನ್ನೇ ಕೊರೆಯುವುದುಂಟು.

ಎತ್ತುವಾಗ ಒಂದು ಎಚ್ಚರಿಕೆ ಬೇಕು. ಕ್ಲ್ಯಾಮ್ ತನ್ನ ಬುಡದ ರಂಧ್ರದಿಂದ ಹೊರಟ ನಾರುಗಳಿಂದ ಕಲ್ಲನ್ನು ಹಿಡಿದುಕೊಂಡಿರುತ್ತದೆ. ಬಲವಂತವಾಗಿ ಕಿತ್ತರೆ ನಾರು ಹುಟ್ಟುವ ಗ್ರಂಥಿಯೇ ಹರಿದು, ಇಲ್ಲದ ಪೀಡೆ ಹುಡುಕಲು ಹೋಗಿ ಇದ್ದ ಜೀವವನ್ನು ಕಳೆದುಕೊಂಡಂತಾಗುತ್ತದೆ. ಕಲ್ಲಿನ ಸಮೇತ ಎತ್ತುವುದು ಉತ್ತಮ, ಆಗದಿದ್ದರೆ ನಾರನ್ನು ಕಲ್ಲಿನ ಹತ್ತಿರಕ್ಕೆ ಹೊಸ ಬ್ಲೇಡಿನಿಂದ ಕತ್ತರಿಸಿರಿ. ಮರಳಿ ನೀರಿಗಿಡುವಾಗ ಒಳಗೆ ಗಾಳಿ ಸಿಕ್ಕಿಕೊಂಡಿರದಂತೆ ಮೆಲ್ಲಗೆ ಅತ್ತಿತ್ತ ಓಲಾಡಿಸಬೇಕು.

ಹುಳುಗಳ ಮೇಲಿನ ಅಪವಾದ

ಈಗ ಆ ಮುಳ್ಳುಹುಳು. ಗುಲಾಬಿ ಅಥವಾ ಕಿತ್ತಳೆ ಮೈಯ, ಇಕ್ಕೆಲದಲ್ಲೂ ಬಿಳಿ ರೋಮದ ಕುಚ್ಚುಗಳಿರುವ ಸಾಮಾನ್ಯ ಬ್ರಿಸಲ್‌ವರ್ಮ್ ಸತ್ತದ್ದನ್ನೂ ಸಾಯುತ್ತಿರುವುದನ್ನೂ ತಿನ್ನುವ ಜಾಡಮಾಲಿ. ಕ್ಲ್ಯಾಮ್ ಕೊಳೆಯತೊಡಗಿದ ವಾಸನೆ ಹಿಡಿದು ಅದು ಬಂದಿರುತ್ತದೆಯೇ ಹೊರತು ಅದು ಬಂದದ್ದರಿಂದ ಕ್ಲ್ಯಾಮ್ ಕೊಳೆತಿರುವುದಿಲ್ಲ. ಸಾವಿನ ಮನೆಗೆ ಮೊದಲು ಬಂದವನನ್ನೇ ಕೊಲೆಗಾರನೆಂದು ಹಿಡಿದರೆ ಆಗುವ ನ್ಯಾಯವೇ ಇಲ್ಲಿಯೂ ಆಗುತ್ತದೆ. ಬರಿಗೈಯಿಂದ ಮಾತ್ರ ಹಿಡಿಯಬೇಡಿ. ರೋಮ ಚುಚ್ಚಿಕೊಂಡರೆ ಸೆಲ್ಲೋಟೇಪ್ ಅಂಟಿಸಿ ಎಳೆದು ತೆಗೆಯಿರಿ.

ನಿಜವಾಗಿ ಅಂಜಬೇಕಾದ ಹುಳುಗಳು ಎರಡಿವೆ. ಮೊದಲನೆಯದು ಯೂನಿಸಿಡ್. ತಲೆಯ ಮೇಲೆ ಐದು ಮೀಸೆಗಳು, ಮೈಯಲ್ಲಿ ನವಿಲುಗರಿಯ ಹೊಳಪು, ಕಲ್ಲಿನ ಬಿಲದಿಂದ ಅರ್ಧ ಮೈ ಮಾತ್ರ ಹೊರಗೆ. ದೊಡ್ಡದಾದವು ಕ್ಲ್ಯಾಮನ್ನು ಬುಡದಿಂದ ತಿನ್ನಬಲ್ಲವು. ಬಿಲವಿರುವ ಕಲ್ಲನ್ನೇ ಹೊರತೆಗೆಯುವುದು ಖಚಿತವಾದ ದಾರಿ. ಎರಡನೆಯದು ಪಾಲಿಕ್ಲ್ಯಾಡ್ ಚಪ್ಪಟೆಹುಳು. ಒದ್ದೆಯಾದ ಕಂದು ಕಾಗದದ ಚೂರಿನಂತೆ ಕಾಣುವ ಇದು, ಚಿಪ್ಪಿನ ಸಂದಿನಲ್ಲಿ ನುಸುಳಿ ಕ್ಲ್ಯಾಮನ್ನು ತಿನ್ನುತ್ತದೆ. ಸಿಂಪಿ ಸಾಕುವವರಿಗೂ ಇದು ಹಳೆಯ ಶತ್ರು. ಬಸವನಹುಳುವಿನಂತೆ ಮುಚ್ಚಿಕೊಳ್ಳಲು ಇದಕ್ಕೆ ಬಾಗಿಲಿಲ್ಲ, ಆದ್ದರಿಂದ ಕೆಳಗೆ ಹೇಳುವ ಸಿಹಿನೀರಿನ ಸ್ನಾನಕ್ಕೆ ಇದು ತಡೆಯದೆ ಹೊರಬೀಳುತ್ತದೆ.

ಚಿವುಟಿದಂತೆ ಮುದುಡಿದ ಮ್ಯಾಂಟಲ್

ಚಿಪ್ಪಿನ ಮೇಲೂ ಬುಡದಲ್ಲೂ ಏನೂ ಇಲ್ಲ, ಮೀನಿನ ಕಾಟವಿಲ್ಲ, ಆದರೂ ಮ್ಯಾಂಟಲಿನ ಒಂದು ಭಾಗವನ್ನು ಯಾರೋ ಎರಡು ಬೆರಳಿನಿಂದ ಚಿವುಟಿ ಹಿಡಿದಂತೆ ಮಡಚಿಕೊಂಡಿದೆ. ಕೆಲವೇ ದಿನಗಳಲ್ಲಿ ಮಡಿಕೆ ಹಿಗ್ಗುತ್ತಿದೆ, ಪಕ್ಕದ ಕ್ಲ್ಯಾಮಿನಲ್ಲೂ ಶುರುವಾಗಿದೆ. ಇದು ಮುದುಡು ಮ್ಯಾಂಟಲ್ ರೋಗ. ಏಕಕೋಶ ಪರೋಪಜೀವಿಯೊಂದು ಇದಕ್ಕೆ ಕಾರಣವೆಂಬುದು ಹವ್ಯಾಸಿಗಳ ನಂಬಿಕೆ, ಮತ್ತು ಅವರಲ್ಲಿ ಬಳಕೆಯಲ್ಲಿರುವ ಚಿಕಿತ್ಸೆ ಸಿಹಿನೀರಿನ ಸ್ನಾನ. ಉಪ್ಪುನೀರಿನ ಪ್ರಾಣಿಯನ್ನು ಅರ್ಧ ಗಂಟೆ ಸಿಹಿನೀರಿನಲ್ಲಿ ಇಡುವುದೆಂದರೆ ಮೊದಲ ಸಲ ಯಾರಿಗಾದರೂ ಕೈ ನಡುಗುತ್ತದೆ. ವಿಧಾನ ಸರಿಯಾಗಿದ್ದರೆ ಕ್ಲ್ಯಾಮ್ ತಾಳಿಕೊಳ್ಳುತ್ತದೆ.

ಶುದ್ಧ ಆರ್‌ಒ ನೀರನ್ನು ಬಕೆಟ್ಟಿನಲ್ಲಿ ತೆಗೆದುಕೊಂಡು ಏರ್ ಪಂಪಿನಿಂದ ಕನಿಷ್ಠ ಒಂದು ಗಂಟೆ ಗಾಳಿ ಊದಿಸಿ. ಬಕೆಟ್ಟನ್ನು ಟ್ಯಾಂಕಿನ ಸಂಪಿನಲ್ಲೇ, ಅಂದರೆ ಟ್ಯಾಂಕಿನ ನೀರು ಸುತ್ತಿಬರುವ ಕೆಳಗಿನ ತೊಟ್ಟಿಯಲ್ಲೇ, ತೇಲಿಬಿಟ್ಟರೆ ಉಷ್ಣತೆ ತಾನಾಗಿ ಹೊಂದುತ್ತದೆ. ನಂತರ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸುತ್ತ ಪಿಎಚ್ ಅನ್ನು ಟ್ಯಾಂಕಿನ ಮಟ್ಟಕ್ಕೆ, ಅಂದರೆ 8.1ರ ಆಸುಪಾಸಿಗೆ ತನ್ನಿ. ಸೋಡಾದ ಬದಲು ಬೇಕಿಂಗ್ ಪೌಡರ್ ಹಾಕಿದರೆ ಅದರಲ್ಲಿರುವ ಆಮ್ಲದಿಂದ ಕೆಲಸ ಕೆಡುತ್ತದೆ. ಕ್ಲ್ಯಾಮನ್ನು ನಿಧಾನವಾಗಿ ಇಳಿಸಿ 20ರಿಂದ 30 ನಿಮಿಷ ಬಿಡಿ. ಮೊದಲು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಯೇ ಇದ್ದರೆ ನೀರು ಒಳಗೆ ತಾಗದು, ಹಾಗಾಗಿ ಎಳೆಯ ಕ್ಲ್ಯಾಮ್‌ಗಳನ್ನು ಬುಡದ ರಂಧ್ರ ನೀರಿಗೆ ತೆರೆದಿರುವಂತೆ ಮಗ್ಗುಲಾಗಿ ಮಲಗಿಸುತ್ತೇನೆ. ಸಮಯ ಮುಗಿದ ಮೇಲೆ ನೇರವಾಗಿ ಟ್ಯಾಂಕಿಗೆ ಮರಳಿಸಿ, ಎರಡು ದಿನ ಮುಟ್ಟಬೇಡಿ. ಟ್ಯಾಂಕಿನಲ್ಲಿರುವ ಎಲ್ಲ ಕ್ಲ್ಯಾಮ್‌ಗಳಿಗೂ ಒಂದೇ ದಿನ ಸ್ನಾನ ಮಾಡಿಸಬೇಕು. ಈಗಾಗಲೇ ಪೂರ್ತಿ ಬಾಯಿಬಿಟ್ಟು, ಮುಟ್ಟಿದರೂ ಮುಚ್ಚದ ಕ್ಲ್ಯಾಮಿಗೆ ಈ ಸ್ನಾನ ಮಾಡಿಸುವುದು ಅದನ್ನು ಬೇಗ ಸಾಯಿಸುವುದಕ್ಕೆ ಸಮ.

ಮನೆಯಲ್ಲಿ ವಾಸಿಯಾಗದವು

ಚಿಪ್ಪನ್ನು ಕೊರೆಯುವ ಕ್ಲಯೋನಾ ಸ್ಪಂಜು ಹೊರಮೈಯಲ್ಲಿ ಹಳದಿ ಚುಕ್ಕೆಗಳಂತೆ ಕಾಣುತ್ತದೆ. ಅದು ನಿಧಾನದ ಪೀಡೆ, ಬೆಳೆಯುವ ಕ್ಲ್ಯಾಮ್ ಅದನ್ನು ಬಹುಕಾಲ ತಾಳಿಕೊಳ್ಳುತ್ತದೆ. ಪರ್ಕಿನ್ಸಸ್ ಎಂಬ ಏಕಕೋಶ ಪರೋಪಜೀವಿಯ ವಿಷಯ ಬೇರೆ. 1980ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಸುತ್ತ ದೈತ್ಯ ಕ್ಲ್ಯಾಮ್‌ಗಳು ಗುಂಪಾಗಿ ಸತ್ತಾಗ ಅವುಗಳಲ್ಲಿ ಕೆಲವದರೊಳಗೆ ಇದು ಸಿಕ್ಕಿತ್ತು. ಅಂಗಾಂಶದ ಚೂರನ್ನು ಥಯೊಗ್ಲೈಕೊಲೇಟ್ ಮಾಧ್ಯಮದಲ್ಲಿ ಬೆಳೆಸಿ ಪ್ರಯೋಗಾಲಯದಲ್ಲಿ ಗುರುತಿಸಬೇಕೇ ಹೊರತು ಕಣ್ಣಿನಿಂದ ಆಗದು, ಟ್ಯಾಂಕಿನಲ್ಲಿ ಹಾಕಿ ಗುಣಪಡಿಸುವ ಮದ್ದೂ ಇಲ್ಲ. ಎಲ್ಲ ತಪಾಸಣೆಯೂ ಬರಿದಾಗಿ, ಕ್ಲ್ಯಾಮ್‌ಗಳು ಒಂದಾದ ಮೇಲೊಂದು ಸಾಯುತ್ತಿದ್ದರೆ ಹೊಸದನ್ನು ತರುವುದನ್ನು ನಿಲ್ಲಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಸತ್ತದ್ದನ್ನು ಬೆಳಗಿನವರೆಗೆ ಟ್ಯಾಂಕಿನಲ್ಲಿ ಬಿಡಬೇಡಿ. ಅಂಗೈಯಗಲದ ಕ್ಲ್ಯಾಮಿನ ಮಾಂಸ ಕೊಳೆತರೆ ಚಿಕ್ಕ ಟ್ಯಾಂಕಿನ ಅಮೋನಿಯಾ ಒಂದೇ ರಾತ್ರಿಯಲ್ಲಿ ಏರುತ್ತದೆ. ಹೊರತೆಗೆದ ಚಿಪ್ಪನ್ನು ತಕ್ಷಣ ಎಸೆಯದೆ, ಕಪ್ಪು ಟಬ್ಬಿನಲ್ಲಿ ಉಜ್ಜಿ, ಬುಡದ ರಂಧ್ರ ಮತ್ತು ಕೀಲನ್ನು ಭೂತಗನ್ನಡಿಯಿಂದ ನೋಡಿ. ಅಕ್ಕಿಕಾಳುಗಳೋ ಲೋಳೆಯ ತೇಪೆಯೋ ಅಲ್ಲಿದ್ದರೆ ಟ್ಯಾಂಕಿನಲ್ಲಿ ಉಳಿದಿರುವ ಕ್ಲ್ಯಾಮ್‌ಗಳನ್ನು ಅಂದೇ ರಾತ್ರಿ ಎತ್ತಬೇಕಾಗುತ್ತದೆ. ಅದು ಕುಳಿತಿದ್ದ ಕಲ್ಲಿನ ಚೂರನ್ನು ಸಿಹಿನೀರಿನಲ್ಲಿ ತೊಳೆದು, ಬಾಲ್ಕನಿಯ ಬಿಸಿಲಿನಲ್ಲಿ ಕೆಲವು ದಿನ ಒಣಗಿಸಿಡಿ. ಮುಂದಿನ ಕ್ಲ್ಯಾಮ್ ಬಂದಾಗ, ಅದು ಎಷ್ಟೇ ನಂಬಿಕೆಯ ಕಡೆಯಿಂದ ಬಂದಿದ್ದರೂ, ಮೊದಲು ಉಜ್ಜಿ, ಸಾಕಷ್ಟು ಬೆಳಕಿರುವ ಬೇರೆ ಟ್ಯಾಂಕಿನಲ್ಲಿ ಆರು ವಾರ ಒಂಟಿಯಾಗಿರಿಸಿ, ವಾರಕ್ಕೊಂದು ರಾತ್ರಿ ಕೆಂಪು ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಮುಖ್ಯ ಟ್ಯಾಂಕಿಗೆ ಸೇರಿಸಿರಿ.